ಕಣ್ಣಿನ ಬಿಳುಪು

ಹೂವಮ್ಮ ನಕ್ಕಳು. ಅಡಿಗೆಮನೆಯಿಂದ ಆ ನಗು ಪಡಸಾಲೆಯವರೆಗೆ ಬಂದಾಗ ಏಕಾಂತಪ್ಪ ಚಹಾದ ಬಸಿಯನ್ನು ತುಟಿಯ ಹತ್ತಿರ ಹಿಡಿದುಕೊಂಡೇ ಕೂತ. ಕಳೆದ ಮಳೆಗಾಲದಿಂದ ಮನೆಯವರೆಲ್ಲ ಕಾಯುತ್ತಿದ್ದ ನಗು ಅದು. ಕೇಳಿದ ಗಂಡನಿಗೆ ಏನಾದರೂ ಆಗಬೇಕಿತ್ತು. ಎದೆ ಹಗುರಾಗಬೇಕಿತ್ತು, ಇಲ್ಲವೆ ಕಣ್ಣು ತುಂಬಬೇಕಿತ್ತು. ಅವನಿಗೆ ಆದದ್ದು ಇಷ್ಟೇ: ನಗು ಹೇಗೆ ಶುರುವಾಯಿತು, ಎಷ್ಟು ಹೊತ್ತು ನಡೆಯಿತು, ನಿಲ್ಲಬೇಕಾದಲ್ಲಿ ನಿಂತಿತೋ ಇಲ್ಲವೋ ಎಂದು ಕಿವಿ ತಾನಾಗಿ ಅಳೆಯತೊಡಗಿತು. ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಅತ್ತಿಗೆ ಅಂಬಮ್ಮ ಹೇಳಿದ ಮಾತೇನೋ ಮುಗಿದು, ಅದಕ್ಕೆ ತಕ್ಕಷ್ಟು ನಗುವೂ ಮುಗಿದು, ಆಮೇಲೂ ಅದು ಕಾಲುಜಾರಿದವರಂತೆ ಸ್ವಲ್ಪ ದೂರ ಹೋಗಿ ನಿಂತಿತು. ಎದುರಿಗೆ ಕಂಬಕ್ಕೊರಗಿ ಬತ್ತಿ ಹೊಸೆಯುತ್ತಿದ್ದ ತಾಯಿ ಸುಭದ್ರಮ್ಮ ಮಗನ ಮುಖ ನೋಡಿದಳು. "ಕೇಳಿದೇನಪ್ಪಾ? ಈಗ ಮನಿ ಮನಿ ಇದ್ದಂಗ ಐತಿ," ಅಂದಳು. ಅವನು ತಲೆಯಾಡಿಸಿ ಚಹಾ ಕುಡಿದ. ತಣ್ಣಗಾಗಿತ್ತು.

ಬೆಳಗಿನ ಗಾಡಿಗೆ ಮದ್ರಾಸಿನಿಂದ ಬಂದು ಇಳಿದವನು. ಅಲ್ಲಿಯ ಒಂದು ವೈದ್ಯಕೀಯ ಕಾಲೇಜಿನ ಔಷಧ ವಿಭಾಗದಲ್ಲಿ ಅವನು ಡೆಮಾನ್‌ಸ್ಟ್ರೇಟರ್. ಆದೋನಿಯ ಹತ್ತಿ ವ್ಯಾಪಾರದ ಮನೆತನದಲ್ಲಿ ಡಾಕ್ಟರಿಕೆ ಓದಿದ ಮೊದಲನೆಯವನು; ಆದರೆ ರೋಗಿಗಳನ್ನು ನೋಡದೆ ಇಲಿಗಳನ್ನು ನೋಡುವ ಡಾಕ್ಟರು ಎಂದು ಅಣ್ಣ ಸೋಮಶೇಖರಪ್ಪ ಮಂಡಿಯಲ್ಲಿ ಸ್ನೇಹಿತರ ಮುಂದೆ ನಗೆಯಾಡುತ್ತಿದ್ದ. ಈ ಸಲ ಮಾತ್ರ ಸ್ಟೇಷನ್ನಿಗೆ ಅಣ್ಣನೇ ಜಟಕಾ ತೆಗೆದುಕೊಂಡು ಬಂದಿದ್ದ. ದಾರಿಯುದ್ದಕ್ಕೂ ಗುಳಿಗೆಯ ಮಾತೇ. ನೀನು ಹೋದ ತಿಂಗಳು ಕೊಟ್ಟು ಹೋದೆಯಲ್ಲ, ವಾರದಲ್ಲೇ ಎದ್ದು ಕೂತಳು, ಎರಡನೆಯ ವಾರಕ್ಕೆ ತಲೆ ಬಾಚಿಕೊಂಡಳು, ಈಗ ಅಂಬಮ್ಮನಿಗೆ ಕೆಲಸವನ್ನೇ ಬಿಡುವುದಿಲ್ಲ ಎಂದು ಅಣ್ಣ ಹೇಳುತ್ತಿದ್ದಾಗ ಏಕಾಂತಪ್ಪ ಕುದುರೆಯ ಬೆನ್ನಿನ ಮೇಲಿನ ಗಾಯವನ್ನು ನೋಡುತ್ತಿದ್ದ. ಮನೆ ಮುಟ್ಟಿದಾಗ ಹೂವಮ್ಮ ಕಾಲಿಗೆ ನೀರು ತಂದಳು. ಶುಕ್ರವಾರ, ಎರೆದುಕೊಂಡು ಮುಖಕ್ಕೂ ಕೈಗೂ ಅರಿಷಿಣ ಹಚ್ಚಿಕೊಂಡಿದ್ದಳು. ಚೊಂಬು ಕೆಳಗಿಟ್ಟು ತಲೆ ತಗ್ಗಿಸಿಯೇ ಸರಕ್ಕನೆ ಒಳಗೆ ಹೋದಳು. ಅವನು ಕಣ್ಣು ಹುಡುಕಿದ. ಸಿಗಲಿಲ್ಲ. ಮದುವೆಯಾಗಿ ನಾಲ್ಕು ವರ್ಷವಾದರೂ ಹಗಲು ಹೊತ್ತು, ಹಿರಿಯರ ಎದುರಿಗೆ ಹೆಂಡತಿಯ ಮುಖ ದಿಟ್ಟಿಸುವ ರೂಢಿ ಆ ಮನೆಯಲ್ಲಿರಲಿಲ್ಲ. ಅವನಿಗೆ ಬೇಕಾಗಿದ್ದುದು ಮುಖವೂ ಅಲ್ಲ, ಕಣ್ಣಿನ ಬಿಳುಪು ಮಾತ್ರ. ಅರಿಷಿಣ ಹಚ್ಚಿದ ಕೆನ್ನೆಯಲ್ಲಿ ಏನು ತಾನೆ ಕಂಡೀತು? ಊರಿನ ಹೆಂಗಸರೆಲ್ಲ ಶುಕ್ರವಾರ ಹಳದಿಯಾಗಿಯೇ ಇರುತ್ತಾರೆ.

ಮದ್ರಾಸಿನ ಪ್ರಾಣಿಮನೆಯಲ್ಲಿ, ಗೋಡೆಯ ಕಡೆಯ ಪಂಜರಗಳಲ್ಲಿ ಅವನು ನೋಡುತ್ತಿದ್ದುದು ಕಿವಿಯನ್ನು. ಬಿಳಿ ಇಲಿಯ ಕಿವಿ ಎಷ್ಟು ತೆಳುವೆಂದರೆ ಕಿಟಕಿಯ ಬೆಳಕಿಗೆ ಹಿಡಿದರೆ ಒಳಗಿನ ರಕ್ತದ ಎಳೆ ಕಾಣುತ್ತದೆ. ಅದು ಹಳದಿಗೆ ತಿರುಗಿದರೆ ಕೂಡಲೇ ಗೊತ್ತಾಗುತ್ತದೆ. ಕಿಟಕಿಯ ಕಡೆ ಗಂಡಿಲಿಗಳು, ಗೋಡೆಯ ಕಡೆ ಹೆಣ್ಣಿಲಿಗಳು. ಮೊದಲು ಸರ್ಪಗಂಧಿ ಬೇರಿನಿಂದ ತೆಗೆದ ಮದ್ದನ್ನು ಚುಚ್ಚಿ ಅವಕ್ಕೆ ಮಂಕು ಬರಿಸಬೇಕು. ಬೆನ್ನು ಗೂನಾಗುತ್ತದೆ, ರೆಪ್ಪೆ ಜೋಲುತ್ತದೆ, ಮೇವಿನ ಮುಂದೆಯೇ ಕೂತು ಮೇವು ಮುಟ್ಟುವುದಿಲ್ಲ. ಆದರೆ ಪರದೇಶದಿಂದ ಪರೀಕ್ಷೆಗೆ ಬಂದ ಹೊಸ ಔಷಧವನ್ನು ಮುಂಚೆಯೇ ಕೊಟ್ಟಿದ್ದರೆ ಮಂಕು ಹತ್ತಿರ ಸುಳಿಯುವುದಿಲ್ಲ. ಗಂಡಿಲಿಗಳಲ್ಲಿ ಇದು ಗೆರೆ ಎಳೆದ ಹಾಗೆ ನಡೆಯಿತು. ಹೆಣ್ಣಿಲಿಗಳಲ್ಲಿ ಹಾಗಾಗಲಿಲ್ಲ. ಒಂದು ದಿನ ಅದೇ ಪ್ರಮಾಣದ ಔಷಧ ಏನೂ ಮಾಡುತ್ತಿರಲಿಲ್ಲ. ಇನ್ನೊಂದು ದಿನ ಅತಿಯಾಗಿ ಮಾಡುತ್ತಿತ್ತು. ನಿದ್ದೆಯಿಲ್ಲದೆ ಪಂಜರ ಸುತ್ತುತ್ತಿದ್ದವು. ಮೈ ನೆಕ್ಕಿ ನೆಕ್ಕಿ ಮುಂಗಾಲಿನ ಕೂದಲು ಉದುರಿಸಿಕೊಳ್ಳುತ್ತಿದ್ದವು. ಹಿಡಿಯಹೋದರೆ ಕಚ್ಚುತ್ತಿದ್ದವು. ಆಮೇಲೆ ಕೆಲವುಗಳ ಕಿವಿ ಹಳದಿಯಾಗುತ್ತಿತ್ತು. ಕೊಯ್ದರೆ ಯಕೃತ್ತು ನೀರಲ್ಲಿ ನೆನೆದ ಸಾಬೂನಿನಂತೆ ಬೆರಳಿಗೆ ಹತ್ತುತ್ತಿತ್ತು. ಪ್ರೊಫೆಸರರು ಬಂದು ನೋಡಿದರು. ಕೋಪಿಸಿಕೊಳ್ಳಲಿಲ್ಲ, ಅವರು ಒಳ್ಳೆಯ ಮನುಷ್ಯರು. ಹೆಣ್ಣು ಪ್ರಾಣಿಯ ಮೈ ದಿನಕ್ಕೊಂದು ಥರ ಇರುತ್ತದೆ, ಅದನ್ನು ಸೇರಿಸಿಕೊಂಡರೆ ಲೆಕ್ಕವೆಲ್ಲ ಕಲಕಿಹೋಗುತ್ತದೆ, ಎಲ್ಲ ಕಡೆಯೂ ಗಂಡಿನ ಮೇಲೆಯೇ ಮಾಡುತ್ತಾರೆ, ನಾವೂ ಗಂಡಿನದನ್ನಷ್ಟೇ ಬರೆಯೋಣ ಎಂದರು. ಅಂದಿನಿಂದ ಗೋಡೆಯ ಕಡೆ ಹೋಗುವ ಕೆಲಸ ಉಳಿಯಲಿಲ್ಲ. ಏಕಾಂತಪ್ಪನಿಗೆ ಆಗ ಅನಿಸಿದ್ದು ಹಗುರ. ಅರ್ಧ ಕೆಲಸ ಕಡಿಮೆಯಾಯಿತು, ಬೆರಳಿಗೆ ಕಚ್ಚಿಸಿಕೊಳ್ಳುವುದು ತಪ್ಪಿತು, ಅಷ್ಟೆ.

ಪಡಸಾಲೆಗೆ ಯಾರೋ ಬಂದರು. ಅಣ್ಣನ ಜೊತೆ ಹತ್ತಿ ಕಾರ್ಖಾನೆಯ ಮೇನೇಜರು ಶ್ರೀರಾಮುಲು. ಬೂಟು ಕಳಚಿ ಬಂದು ಏಕಾಂತಪ್ಪನ ಎರಡೂ ಕೈ ಹಿಡಿದುಕೊಂಡ. ಅವನ ಕಡೆಯವರೆಲ್ಲ ಗುಂಟೂರಿನವರು. ಬಳ್ಳಾರಿ ಮೈಸೂರಿಗೆ ಹೋಗಿ ಆದೋನಿ ಆಂಧ್ರಕ್ಕೆ ಉಳಿದ ಮೇಲೆ ಈ ಊರಿಗೆ ಬಂದವನು, ಕನ್ನಡ ತಿಳಿಯುತ್ತಿತ್ತು, ಮಾತಾಡುವುದು ತೆಲುಗು. ಬಹಳ ಹೊತ್ತು ಹತ್ತಿಯ ಮಾತಾಡಿದ. ಆಮೇಲೆ ತನ್ನ ಹೆಂಡತಿಯ ವಿಷಯಕ್ಕೆ ಬಂದ. ಆಕೆಯೂ ಎರಡು ವರ್ಷದಿಂದ ಮಾತಾಡುವುದಿಲ್ಲ, ಗೋಡೆ ನೋಡುತ್ತ ಮಲಗಿರುತ್ತಾಳೆ. ಇಲ್ಲಿ ನಡೆದದ್ದನ್ನು ಕೇಳಿ ಅವನಿಗೆ ಆಸೆ ಹುಟ್ಟಿತ್ತು. "ಮಾ ಆವಿಡಕಿ ಕೂಡಾ ಒಕ ಸೀಸಾ, ಡಾಕ್ಟರುಗಾರೂ," ಎಂದು ತನ್ನವಳಿಗೂ ಒಂದು ಸೀಸೆ ಬೇಡಿ ಮತ್ತೆ ಕೈ ಹಿಡಿದುಕೊಂಡ. ಅಣ್ಣ ನಡುವೆ ಬಾಯಿ ಹಾಕಿ, ತಂದುಕೊಡ್ತಾನ, ಅದಕ್ಕೇನಂತ, ಅಂದುಬಿಟ್ಟ. ಅಣ್ಣನ ದನಿಯಲ್ಲಿದ್ದ ಹೆಮ್ಮೆಯನ್ನು ಏಕಾಂತಪ್ಪ ಇಷ್ಟು ವರ್ಷದಲ್ಲಿ ಮೊದಲನೆಯ ಸಲ ಕೇಳುತ್ತಿದ್ದ. ತನ್ನ ಕೈಗಳು ಶ್ರೀರಾಮುಲುವಿನ ಬೆವತ ಅಂಗೈಯಲ್ಲಿ ಇರುವುದನ್ನು ನೋಡಿದ. ಇಲ್ಲ ಎನ್ನಬೇಕು ಎಂದು ತಿಳಿದಿತ್ತು. ಬಾಯಿಂದ ಬಂದದ್ದು, ನೋಡೋಣ, ಎಂಬ ಮಾತು. ಅಷ್ಟಕ್ಕೇ ಶ್ರೀರಾಮುಲುವಿನ ಕಣ್ಣಲ್ಲಿ ನೀರು ಬಂತು. ಬಿಳಿಯಾಗಿತ್ತು ಆ ಕಣ್ಣು, ಸ್ವಚ್ಛವಾಗಿ.

ಹೋದ ತಿಂಗಳು ಬಂದಾಗ ಹೂವಮ್ಮ ನಡುಮನೆಯ ಮೂಲೆಯಲ್ಲಿ ಜೋಳದ ಚೀಲಗಳ ಪಕ್ಕ ಕೂತಿದ್ದಳು. ಮಗು ಹೋದ ದಿನದಿಂದ ಅದೇ ಅವಳ ಜಾಗ. ಉರುಕುಂದಿ ಈರಣ್ಣನ ಗುಡಿಗೆ ಕರೆದೊಯ್ದು ಇರಿಸಿದ್ದಾಯಿತು, ಆಲೂರಿನ ತವರಿಗೆ ಕಳಿಸಿ ಕರೆಸಿಕೊಂಡದ್ದಾಯಿತು. ಎಲ್ಲಿ ಕೂರಿಸಿದರೂ ಮೂಲೆಗೇ ಹೋಗುತ್ತಿದ್ದಳು. ಎದುರಿಗೆ ರೊಟ್ಟಿ ಒಣಗಿ ಮುರುಟಿತ್ತು. ಬೆನ್ನು ಬಾಗಿತ್ತು, ರೆಪ್ಪೆ ಅರ್ಧ ಇಳಿದಿತ್ತು. ಅವಳನ್ನು ನೋಡಿದ ಆ ಗಳಿಗೆ ಏಕಾಂತಪ್ಪನಿಗೆ ಬಂದ ಮೊದಲ ಯೋಚನೆ ಇವಳು ನನ್ನ ಹೆಂಡತಿ ಎಂದಲ್ಲ. ಅದೇ ಭಂಗಿ ಎಂದು. ನೂರು ಸಲ ನೋಡಿದ ಭಂಗಿ, ಮತ್ತು ಅದನ್ನು ಬಿಡಿಸುವುದು ಗೊತ್ತಿರುವ ಭಂಗಿ. ಪೆಟ್ಟಿಗೆಯಲ್ಲಿ ಸೀಸೆಯಿತ್ತು. ಮದ್ರಾಸಿನಲ್ಲಿ ಆಗಲೇ ಕೆಲವು ಡಾಕ್ಟರರು ಮನುಷ್ಯರಿಗೆ ಕೊಟ್ಟು ನೋಡತೊಡಗಿದ್ದರು. ಇವನು ವಿಭಾಗದ ಕಪಾಟಿನಿಂದ ತಂದಿದ್ದ. ತರುವಾಗ ಯಾಕೆ ತರುತ್ತಿದ್ದೇನೆ ಎಂದು ತನ್ನನ್ನು ಕೇಳಿಕೊಂಡಿರಲಿಲ್ಲ. ಗೋಡೆಯ ಕಡೆಯ ಪಂಜರಗಳು ನೆನಪಿಗೆ ಬರಲಿಲ್ಲವೆಂದಲ್ಲ. ಬಂದವು. ಆದರೆ ಅವು ಲೆಕ್ಕದಲ್ಲಿರಲಿಲ್ಲ. ಲೆಕ್ಕದಲ್ಲಿ ಇಲ್ಲದ್ದು ನಡೆದೇ ಇಲ್ಲ ಎಂದುಕೊಳ್ಳುವುದು ಅಷ್ಟರಲ್ಲಿ ಅವನಿಗೆ ಅಭ್ಯಾಸವಾಗಿತ್ತು. ಮಗುವಿನ ಸುದ್ದಿಯ ತಂತಿ ಬಂದ ದಿನವೂ ಹಾಗೆಯೇ. ಕೈಯಲ್ಲಿ ಸೂಜಿಯಿತ್ತು. ತಂತಿಯನ್ನು ಓದಿ ಕೋಟಿನ ಜೇಬಿನಲ್ಲಿಟ್ಟುಕೊಂಡು ಆ ಸಾಲಿನ ಇಲಿಗಳಿಗೆಲ್ಲ ಚುಚ್ಚಿ ಮುಗಿಸಿ, ಕೈ ತೊಳೆದು, ಆಮೇಲೆ ಗಾಡಿಯ ಹೊತ್ತು ವಿಚಾರಿಸಿದ್ದ. ಬಂದು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿದ್ದರು. ಹೆಣ್ಣುಮಗು, ಹದಿನೈದು ದಿನ ಬದುಕಿತ್ತು. ಅವನು ನೋಡಿರಲೇ ಇಲ್ಲ. ಆ ಸಾಲಿನ ಕೊನೆಯ ಇಲಿಯ ಬಾಲದ ಮೇಲೆ ಒಂದು ಕಚ್ಚು ಇತ್ತು. ಅದು ಮಾತ್ರ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಊಟಕ್ಕೆ ಕೂತಾಗ ಹೂವಮ್ಮನೇ ಬಡಿಸಿದಳು. ಬಡಿಸುತ್ತ ಮಾತಾಡಿದಳು. ಆಲೂರಿನ ತಂಗಿಯ ಮದುವೆ, ಹಿತ್ತಲ ಗೋಡೆಗೆ ಸುಣ್ಣ, ಮೆಣಸಿನಕಾಯಿ ಈ ಸಲ ಖಾರವಿಲ್ಲ ಎಂಬುದು, ಮತ್ತೆ ತಂಗಿಯ ಮದುವೆ. ಒಂದು ಮಾತಿನ ತುದಿ ಇನ್ನೊಂದರ ಬುಡಕ್ಕೆ ಸಿಕ್ಕಿ ಹರಿಯುತ್ತಿತ್ತು. ಮಾವನ ಕಾಲದಿಂದ ಆ ಮನೆಯಲ್ಲಿ ಗಂಡಸರ ಊಟದ ಹೊತ್ತಿಗೆ ಸೊಸೆಯಂದಿರು ಮಾತಾಡಿದ್ದಿಲ್ಲ. ಅಣ್ಣನಾಗಲಿ ತಾಯಿಯಾಗಲಿ ಏನೂ ಅನ್ನಲಿಲ್ಲ. ಹಬ್ಬದ ಊಟಕ್ಕೆ ಕೂತವರಂತೆ ಕೇಳುತ್ತಿದ್ದರು. ಅವಳ ಮುಂಗೈಯಲ್ಲಿ ಉಗುರಿನ ಗೀರುಗಳಿದ್ದವು. ಒಂದು ಕೈಯಲ್ಲಿ ಸಾರಿನ ಸೌಟು ಹಿಡಿದು ಇನ್ನೊಂದರಿಂದ ಅದನ್ನು ಕೆರೆದುಕೊಂಡಳು. ಅಂಬಮ್ಮ ನಗುತ್ತಲೇ ದೂರು ಹೇಳಿದಳು: ಇವಳಿಗೆ ನಿದ್ದೆ ಎಂಬುದೇ ಇಲ್ಲ, ಕೋಳಿ ಕೂಗುವ ಮುಂಚೆ ಪಾತ್ರೆಯೆಲ್ಲ ಬೆಳಗಿ ಇಟ್ಟಿರುತ್ತಾಳೆ, ಬೆಳಗಿದ್ದನ್ನೇ ಮತ್ತೆ ಬೆಳಗುತ್ತಾಳೆ, ಆದರೆ ಊಟ ಮಾತ್ರ ಸೇರುವುದಿಲ್ಲ, ಎಣ್ಣೆಯ ವಾಸನೆ ಬಂದರೆ ವಾಂತಿ ಅನ್ನುತ್ತಾಳೆ. ಹೇಳಿ ಅಂಬಮ್ಮ ಅತ್ತೆಯ ಮುಖ ನೋಡಿದಳು. ಸುಭದ್ರಮ್ಮನ ಮುಖ ಅರಳಿತು. ಇಬ್ಬರೂ ಅಂದುಕೊಂಡದ್ದೇನು ಎಂದು ಏಕಾಂತಪ್ಪನಿಗೆ ತಿಳಿಯಿತು. ಹೋದ ತಿಂಗಳು ಅವನು ಬಂದು ಹೋಗಿದ್ದನಲ್ಲ. ಮುರಿದ ರೊಟ್ಟಿಯ ತುಣುಕನ್ನು ತಾಟಿನಲ್ಲೇ ಬಿಟ್ಟ. ನೀರು ಕುಡಿದ. ಇದು ಹೆದರಿಕೆ ಇರಬೇಕು ಎಂದುಕೊಂಡ. ಆದರೆ ಎದೆ ಎಂದಿನಂತೆಯೇ ಬಡಿದುಕೊಳ್ಳುತ್ತಿತ್ತು. ತನಗೇ ಯಾರೋ ಬಹಳ ಹಿಂದೆ ಏನನ್ನೋ ಚುಚ್ಚಿದ್ದಾರೆ, ಅದು ಇನ್ನೂ ಇಳಿದಿಲ್ಲ ಅನಿಸಿತು.

ಊಟವಾದ ಮೇಲೆ ತಾಯಿ ಅಡ್ಡಾದಳು, ಅಣ್ಣ ಮಂಡಿಗೆ ಹೋದ. ಹೂವಮ್ಮ ಮೆಣಸಿನಕಾಯಿ ತಿರುವಿ ಹಾಕಲು ಮಾಳಿಗೆ ಹತ್ತಿದಳು. ಏಕಾಂತಪ್ಪ ನಿಚ್ಚಣಿಕೆಯ ಕೆಳಗೆ ಸ್ವಲ್ಪ ಹೊತ್ತು ನಿಂತಿದ್ದು ತಾನೂ ಹತ್ತಿದ. ಮಣ್ಣಿನ ಮಾಳಿಗೆಯ ಮೇಲೆ ಬಿಸಿಲು ಬಿಳಿ ಗೋಡೆಯ ಹಾಗೆ ನಿಂತಿತ್ತು. ಸುತ್ತಲೂ ಊರಿನ ಮಾಳಿಗೆಗಳು, ಆಚೆ ಬೋಳು ಗುಡ್ಡ, ಹತ್ತಿ ಕಾರ್ಖಾನೆಯ ಹೊಗೆಕೊಳವೆ. ಗಂಡ ಹಗಲಲ್ಲಿ ಹೀಗೆ ಹಿಂದೆಯೇ ಬಂದದ್ದು ಕಂಡು ಅವಳು ಸೆರಗು ಎಳೆದುಕೊಂಡು ನಕ್ಕಳು. ಅವನು ಹತ್ತಿರ ಹೋಗಿ, ಒಂದು ಸಲ ಮೇಲೆ ನೋಡು, ಅಂದ. ಯಾರಾದರೂ ನೋಡಿಯಾರು ಅಂದಳು. ನೋಡಲಿ ಅಂದ. ಅವನ ದನಿಯಲ್ಲಿ ಏನು ಕೇಳಿಸಿತೋ, ಅವಳು ನಗು ನಿಲ್ಲಿಸಿ ಮುಖ ಎತ್ತಿದಳು. ಬಿಸಿಲಿಗೆ ಕಣ್ಣು ಕಿರಿದಾಗದಂತೆ ಅವನು ಕೈ ಅಡ್ಡ ಹಿಡಿದು, ಹೆಬ್ಬೆರಳಿನಿಂದ ಅವಳ ಕೆಳರೆಪ್ಪೆಯನ್ನು ಸರಿಸಿದ. ಕೆನ್ನೆಯ ಹಳದಿ ಒಂದು, ಇದು ಬೇರೊಂದು. ಕಣ್ಣಗುಡ್ಡೆಯ ಸುತ್ತ ಬಿಳುಪು ಎಲ್ಲಿಯೂ ಉಳಿದಿರಲಿಲ್ಲ. ಹಳೆಯ ತುಪ್ಪದ ಬಣ್ಣ. ಮೂತ್ರ ಹೇಗೆ ಹೋಗುತ್ತದೆ ಎಂದು ಕೇಳಿದ. ಅವಳು ನಾಚಿಕೊಂಡು, ಕಪ್ಪು ಚಹಾದ ಹಂಗ, ಅಂದಳು.

"ಗುಳಗಿ ಇವತ್ತಿನಿಂದ ಬ್ಯಾಡ," ಅಂದ ಏಕಾಂತಪ್ಪ. "ನಿನಗ ಕಾಮಣಿ ಆಗೈತಿ. ಗುಳಗಿಯಿಂದನ ಆಗೈತಿ."

ಅವಳು ಮೆಣಸಿನಕಾಯಿಯ ಮಧ್ಯೆಯೇ ಕೂತಳು. ಮೂಲೆಯಲ್ಲಿ ಕೂರುತ್ತಿದ್ದ ಹಾಗಲ್ಲ. ಒಳಗೆ ಏನೋ ವೇಗವಾಗಿ ಓಡುತ್ತಿರುವುದು ಬೆರಳುಗಳಲ್ಲಿ ಕಾಣುತ್ತಿತ್ತು.

"ಹಿಂಗ ಆಗ್ತೈತಿ ಅಂತ ನಿಮಗ ಗೊತ್ತಿತ್ತೇನ್ರಿ?"

"ಇಲಿಗೆ ಆಗಿತ್ತು."

"ಎಲ್ಲಾ ಇಲಿಗೂ?"

"ಇಲ್ಲ. ಹೆಣ್ಣಿಲಿಗೆ. ಗಂಡಿಲಿಗೆ ಚಲೋ ಆಗಿತ್ತು."

ಅವಳು ಅವನನ್ನೇ ನೋಡಿದಳು. ಸಿಟ್ಟಿರಲಿಲ್ಲ. ಅರ್ಥವಾಗದ್ದನ್ನು ಅರ್ಥಮಾಡಿಕೊಳ್ಳಲು ಹೊರಟವರ ನೋಟ. "ಮತ್ತ ನಾನು ಹೆಣ್ಣಲ್ಲೇನ್ರಿ?" ಅಂದಳು.

ಅವನ ಹತ್ತಿರ ಉತ್ತರವಿತ್ತು. ಹೆಣ್ಣು ಪ್ರಾಣಿಯ ಲೆಕ್ಕ ಸೇರಿಸುವ ಪದ್ಧತಿ ಇಲ್ಲ ಎನ್ನುವುದೇ ಉತ್ತರ. ಇಂಗ್ಲಿಷಿನಲ್ಲಿ ಅದು ಸರಿಯಾಗಿ ಕೇಳಿಸುತ್ತಿತ್ತು. ಈ ಮಾಳಿಗೆಯ ಮೇಲೆ ಅದನ್ನು ಹೇಳಲು ಮಾತು ಸಿಗಲಿಲ್ಲ. ಸೀಸೆ ಎಲ್ಲಿದೆ ಎಂದು ಕೇಳಿದ. ಅವಳ ಕೈ ಸೊಂಟಕ್ಕೆ ಹೋಯಿತು. ಅಲ್ಲೇ ಸೀರೆಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡಿದ್ದಳು, ಹಗಲೂ ಮೈಮೇಲೆಯೇ ಇಟ್ಟುಕೊಂಡು ತಿರುಗುತ್ತಿದ್ದಳು. ಕೊಡು ಅಂದ. ಅವಳು ಹಿಂದೆ ಸರಿದಳು.

"ಸತ್ರ ಸಾಯ್ತೀನಿ ಬಿಡ್ರಿ," ಅಂದಳು ಮೆಲ್ಲಗೆ. "ಆ ಮೂಲಿಗೆ ನಾ ಹೊಳ್ಳಿ ಹೋಗಾಂಗಿಲ್ಲ. ಅಲ್ಲಿ ಹೆಂಗಿರ್ತೈತಿ ಅನ್ನೋದು ನಿಮಗ ಗೊತ್ತಿಲ್ಲ."

ಅವನು ಅವಳ ಮುಂಗೈ ಹಿಡಿದ. ಅವಳು ಸೀಸೆಯನ್ನು ಮುಷ್ಟಿಯಲ್ಲಿ ಬಿಗಿದಳು. ಅವನಿಗೆ ಕಚ್ಚುವ ಪ್ರಾಣಿಯನ್ನು ಹಿಡಿಯುವುದು ಗೊತ್ತಿತ್ತು: ಹಿಂದಿನಿಂದ ಬರಬೇಕು, ಕುತ್ತಿಗೆಯ ಬುಡಕ್ಕೆ ಅಂಗೈ ಕೊಡಬೇಕು, ನೋವಾಗದಂತೆ ಆದರೆ ಅಲುಗದಂತೆ. ಕೈ ತಾನಾಗಿ ಹಾಗೆಯೇ ಮಾಡಿತು. ಇನ್ನೊಂದು ಕೈ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿತು. ಅರ್ಧದಲ್ಲಿ ಅವಳು ಒದ್ದಾಡುವುದನ್ನು ಬಿಟ್ಟುಬಿಟ್ಟಳು. ಮೈ ಒಮ್ಮೆಲೇ ಸಡಿಲವಾಯಿತು, ಇಲಿಗಳು ಕೊನೆಗೆ ಆಗುವಂತೆ. ಅವನು ಸೀಸೆ ತೆಗೆದುಕೊಂಡು, ಕೈ ಬಿಟ್ಟು, ತಾನು ಅವಳನ್ನು ಹಿಡಿದಿದ್ದ ರೀತಿಯನ್ನು ಆಗ ಕಂಡ. ಪಕ್ಕದ ಮಾಳಿಗೆಯಲ್ಲಿ ಕಾಗೆ ಓಡಿಸುತ್ತಿದ್ದ ಉಚ್ಚಮ್ಮ ಎಂಬ ಮುದುಕಿ ಕೋಲು ಕೆಳಗಿಟ್ಟು ಇವರನ್ನೇ ನೋಡುತ್ತಿದ್ದಳು.

ಸಂಜೆಯೊಳಗೆ ಬಳ್ಳಾರಿಯ ದವಾಖಾನೆಗೆ ಹೊರಡಬೇಕೆಂದು ಅವನು ಹೇಳಿದಾಗ ಮನೆಯವರು ನಂಬಲಿಲ್ಲ. ಕಾಮಾಲೆಗೆ ನಂದವರಂನಲ್ಲಿ ಸೊಪ್ಪಿನ ರಸ ಕೊಡುವವರಿದ್ದಾರೆ, ಅದಕ್ಕೆ ಬಳ್ಳಾರಿ ಯಾಕೆ, ಗುಳಿಗೆ ಯಾಕೆ ಬಿಡಿಸಬೇಕು ಎಂದು ಸುಭದ್ರಮ್ಮ ವಾದಿಸಿದಳು. ಗುಳಿಗೆಯಿಂದಲೇ ಬಂತು ಎಂದರೆ, ಹಾಗಾದರೆ ಕೊಟ್ಟವರು ಯಾರು ಎಂದು ಅಣ್ಣ ಕೇಳಿದ. ಕೇಳಿ ಉತ್ತರಕ್ಕೆ ಕಾಯದೆ ಜಟಕಾ ತರಿಸಲು ಹೋದ. ಗುಂತಕಲ್ಲಿನಲ್ಲಿ ಗಾಡಿ ಬದಲಿಸಿದರು. ಬಾಕಿನ ಮೇಲೆ ಮಲಗಿದ್ದ ಹೂವಮ್ಮ ದಾರಿಯುದ್ದಕ್ಕೂ ಮಾತಾಡಿದಳು. ತಂಗಿಯ ಮದುವೆಯ ಸೀರೆಗಳ ಬಣ್ಣ ಹೇಳಿದಳು, ಎದುರು ಕೂತ ಅಪರಿಚಿತ ಹೆಂಗಸಿಗೆ ಮಗುವಿನ ಹೆಸರು ಹೇಳಿದಳು. ಹೆಸರಿಟ್ಟಿದ್ದರೆಂಬುದೇ ಏಕಾಂತಪ್ಪನಿಗೆ ಗೊತ್ತಿರಲಿಲ್ಲ.

ದವಾಖಾನೆಯಲ್ಲಿ ಅವಳು ಬಹಳ ದಿನ ಇದ್ದಳು. ನಡುವೆ ಕೆಲವು ದಿನ ಗುರುತು ಹಿಡಿಯುತ್ತಿರಲಿಲ್ಲ. ಲೇಡಿ ಡಾಕ್ಟರು ಒಬ್ಬರು ಕೇಸು ಬರೆದುಕೊಳ್ಳುತ್ತ, ಯಾವ ಔಷಧ, ಯಾರ ಸಲಹೆಯ ಮೇಲೆ ಎಂದು ಕೇಳಿದರು. ನನ್ನದೇ ಅಂದ. ಅವರು ತಲೆಯೆತ್ತಿ ಅವನ ಕಡೆ ನೋಡಿ ಮತ್ತೆ ಬರೆಯತೊಡಗಿದರು. ಅಷ್ಟು ಹೊತ್ತೂ ಅವನು ತನಗೆ ಅವಮಾನವಾಗಲಿ ಎಂದು ಕಾಯ್ದ, ಆಗಿದ್ದರೆ ಒಳ್ಳೆಯದಿತ್ತು. ಕ್ರಮೇಣ ಹಳದಿ ಇಳಿಯಿತು. ಅದು ಇಳಿದಂತೆ ಮಾತೂ ಇಳಿಯಿತು, ಕೈಬೆರಳುಗಳ ಓಟವೂ. ರೆಪ್ಪೆ ಮತ್ತೆ ಅರ್ಧಕ್ಕೆ ಬಂತು. ಪೂರ್ತಿ ಸುಮ್ಮನಾಗುವ ಮುಂಚೆ ಒಂದು ಮಧ್ಯಾಹ್ನ, ಅವನು ಗಂಜಿಯ ಬಟ್ಟಲು ಹಿಡಿದು ಕೂತಿದ್ದಾಗ, ಅವಳು ಮೇಲಿನ ಹೆಂಚು ನೋಡುತ್ತ ಒಂದು ಮಾತು ಕೇಳಿದಳು.

"ನಕ್ಕೋತ ಓಡಾಡ್ತಿದ್ಲಲ್ರಿ, ಆಕಿ ಯಾರು? ನಾನೋ, ಗುಳಗಿಯೋ?"

ಪ್ರಾಣಿಮನೆಯಲ್ಲಿ ಈ ಪ್ರಶ್ನೆ ಬರುವುದಿಲ್ಲ. ಇಲಿ ಎದ್ದು ಓಡಾಡಿದರೆ ಓಡಾಡಿತು ಎಂದು ಬರೆಯುತ್ತಾರೆ.

ಆದೋನಿಗೆ ಕರೆತಂದು ಬಿಟ್ಟಾಗ ಅವಳು ಯಾರ ಕೈಯನ್ನೂ ಹಿಡಿಯದೆ ನಡೆದು ಜೋಳದ ಚೀಲಗಳ ಪಕ್ಕ ಕೂತಳು. ಮನೆಯವರಿಗೆ ಬದುಕಿ ಬಂದಳೆಂಬ ಸಮಾಧಾನಕ್ಕಿಂತ ನಗು ಹೋಯಿತೆಂಬ ಸಂಕಟ ಹೆಚ್ಚಾಗಿತ್ತು. ಸುಭದ್ರಮ್ಮ ಮಗನ ಹತ್ತಿರ ಬಂದು, ಸ್ವಲ್ಪ ಸ್ವಲ್ಪವಾದರೂ ಕೊಡಬಾರದೇನು, ವಾರಕ್ಕೊಂದು, ಎಂದು ಬೇಡಿಕೊಂಡಳು. ಇಲ್ಲ ಎಂದಾಗ, ಹೆಂಡತಿ ಮಾತು ಜಾಸ್ತಿ ಆಡಿದ್ದು ನಿನಗೆ ಸೇರಲಿಲ್ಲವೇನೋ ಎಂದಳು. ಉಚ್ಚಮ್ಮ ಮಾಳಿಗೆಯ ಮೇಲೆ ಕಂಡದ್ದು ಓಣಿಯಲ್ಲೆಲ್ಲ ಹರಡಿತ್ತು: ಗಂಡ ಬಂದು ಕುತ್ತಿಗೆ ಹಿಡಿದ, ಅಂದಿನಿಂದ ಮತ್ತೆ ಬಾಯಿ ಕಟ್ಟಿತು. ಶ್ರೀರಾಮುಲು ಎದುರಿಗೆ ಸಿಕ್ಕಾಗ ಏಕಾಂತಪ್ಪ ಆ ಗುಳಿಗೆ ಕೊಡಲಾಗದು, ಹೆಂಗಸರಿಗೆ ಅದು ಅಪಾಯ ಎಂದು ಬಿಡಿಸಿ ಹೇಳಿದ. ಶ್ರೀರಾಮುಲು ಕೇಳಿಸಿಕೊಂಡು ಸರೇ ಅಂದ. ತನಗೆ ಕೊಡಲು ಮನಸ್ಸಿಲ್ಲದೆ ನೆಪ ಹೇಳುತ್ತಿದ್ದಾನೆ ಎಂದು ಅವನು ತಿಳಿದದ್ದು ಆ ಸರೇಯಲ್ಲೇ ಗೊತ್ತಾಯಿತು.

ಮದ್ರಾಸಿನಲ್ಲಿ ಪ್ರೊಫೆಸರರಿಗೆ ಎಲ್ಲವನ್ನೂ ಹೇಳಿದ. ಕಪಾಟಿನಿಂದ ತೆಗೆದದ್ದು, ಹೆಂಡತಿಗೆ ಕೊಟ್ಟದ್ದು, ಹಳದಿ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಮೃದುವಾಗಿ, ಆಕೆಯ ತೂಕ ಎಷ್ಟು ಎಂದು ಕೇಳಿದರು. ಅವನು ಹೇಳಿದ. ಹೇಳಿದ ಮೇಲೆಯೇ, ತಾನು ಅದನ್ನು ಯೋಚಿಸದೆ ಹೇಳಿದೆ ಎಂಬುದು ಗಮನಕ್ಕೆ ಬಂತು. ಹೆಣ್ಣಿಲಿಗಳ ಮೇಲೆ ಮತ್ತೆ ಮಾಡಿ ನೋಡಬೇಕು, ಅದನ್ನೂ ಬರೆಯಬೇಕು ಎಂದ. ಅವರು ಆಗಲಿ ಎಂದರು, ಮುಂದಿನ ವರ್ಷ ಹಣ ಬಂದರೆ ಎಂದರು. ಗಂಡಿಲಿಗಳ ಲೇಖನ ಅಷ್ಟರಲ್ಲಿ ಅಚ್ಚಿಗೆ ಹೋಗಿತ್ತು. ಬಂದಾಗ ಅದರಲ್ಲಿ ಅವನ ಹೆಸರು ಎರಡನೆಯದಾಗಿತ್ತು. ಹೆಸರು ತೆಗೆಸಬಹುದಿತ್ತು, ತೆಗೆಸಲಿಲ್ಲ. ಅವನು ಮಾಡಿದ್ದು ಒಂದೇ. ಯಾರೂ ಹೇಳದಿದ್ದರೂ ಗೋಡೆಯ ಕಡೆಯ ಪಂಜರಗಳಿಗೆ ತನ್ನ ಪಾಲಿನ ಹೊತ್ತಿನಲ್ಲಿ ಮೇವು ಹಾಕಿ, ಔಷಧ ಕೊಟ್ಟು, ಕಂಡದ್ದನ್ನು ಕಂಡಂತೆ ಬರೆಯತೊಡಗಿದ. ಕಚ್ಚುತ್ತಿದ್ದವು. ಪಶ್ಚಾತ್ತಾಪವೆಂದು ಅದನ್ನು ಕರೆಯಲು ಅವನಿಗೆ ಧೈರ್ಯವಿರಲಿಲ್ಲ. ಒಳಗೆ ಏನೂ ಆಗುತ್ತಿರಲಿಲ್ಲ.

ಕಾರ್ತಿಕದಲ್ಲಿ ರಜೆಗೆ ಊರಿಗೆ ಬಂದ. ಹೂವಮ್ಮ ಅದೇ ಮೂಲೆಯಲ್ಲಿದ್ದಳು. ಅವನು ಹತ್ತಿರ ಹೋಗಿ ಕೂತರೂ ನೋಡಲಿಲ್ಲ. ಕಣ್ಣಿನ ಬಿಳುಪು ಬಿಳುಪಾಗಿತ್ತು. ಮರುದಿನ ಚಹಾ ಬರಲಿಲ್ಲ. ಕಾರಣ ಕೇಳಿದರೆ ಮನೆಯವರೆಲ್ಲ ಬೇಸರಗೊಂಡಿದ್ದರು. ಹಾಲು ಹಾಕುತ್ತಿದ್ದ ಪೀರಮ್ಮ ಒಂದು ವಾರದಿಂದ ಬರುತ್ತಿಲ್ಲ, ಬೇರೆ ಕಡೆ ಒಳ್ಳೆಯ ಹಾಲು ಸಿಗುತ್ತಿಲ್ಲ. "ನಿನ್ನ ಹೆಂಡತಿನ ಆಕಿನ್ನ ಬೈದು ಕಳಿಸ್ಯಾಳ," ಎಂದ ಅಣ್ಣ, ಇದೂ ಒಂದು ಕಾಟ ಎಂಬಂತೆ. ಏಕಾಂತಪ್ಪ ಏನೆಂದು ಬೈದಳು ಎಂದು ಕೇಳಿದ. ಯಾರಿಗೂ ತಿಳಿಯದು. ತಾಯಿ ಸ್ನಾನದ ಮನೆಯಲ್ಲಿದ್ದಳು. ಅಂಬಮ್ಮನಿಗೆ ದನಿ ಕೇಳಿತ್ತು, ಮಾತು ಕೇಳಿರಲಿಲ್ಲ. ಹೂವಮ್ಮ ಎದ್ದು ಬಾಗಿಲವರೆಗೆ ಹೋಗಿದ್ದಳೇ? ಹೋಗಿರಬೇಕು. ಆಮೇಲೆ? ಆಮೇಲೆ ಬಂದು ಮೂಲೆಯಲ್ಲೇ ಕೂತಿದ್ದಳು, ಅಷ್ಟೆ. ಅದರಲ್ಲಿ ಕೇಳುವುದು ಏನಿದೆ ಎಂದು ಅಣ್ಣ ಚಪ್ಪಲಿ ಮೆಟ್ಟಿಕೊಂಡ.

ಏಕಾಂತಪ್ಪ ಅಂಗಿ ಹಾಕಿಕೊಂಡು ಹೊರಬಿದ್ದ. ಪೀರಮ್ಮನ ಮನೆ ಊರ ಹೊರಗೆ, ಕೋಸಗಿಗೆ ಹೋಗುವ ರೈಲುದಾರಿಯ ಪಕ್ಕ. ಅವನು ಅಲ್ಲಿಗೆ ಎಂದೂ ಹೋದವನಲ್ಲ; ಕೇಳುತ್ತ ಹೋದ. ಪೀರಮ್ಮ ಎಮ್ಮೆಗೆ ನೀರು ಕುಡಿಸುತ್ತಿದ್ದಳು. ದೊಡ್ಡಮನೆಯ ಡಾಕ್ಟರನ್ನು ಕಂಡು, ಹಾಲು ಹಾಕು ಎಂದು ಕೇಳಲು ಬಂದಿದ್ದಾನೆ ಎಂದುಕೊಂಡು, ಮುಖ ಗಂಟು ಹಾಕಿಕೊಂಡೇ ಮಾತಾಡಿದಳು. ಬಡವರಾದರೇನು ಮಾನ ಇಲ್ಲವೇ, ಇಷ್ಟು ವರ್ಷ ಹಾಕಿದ ಮನೆ ಎಂದು ಹೇಳತೊಡಗಿದಳು. ಅವನು ತಡೆದು, ಅದಕ್ಕೆ ಬಂದದ್ದಲ್ಲ, ಆಕೆ ಏನೆಂದು ಬೈದಳು, ಅದನ್ನು ಹೇಳು ಎಂದ. ಪೀರಮ್ಮನಿಗೆ ಅನುಮಾನವಾಯಿತು. ಹೆಂಡತಿಗೆ ಹೊಡೆಯಲೆಂದು ಕೇಳುತ್ತಿದ್ದಾನೋ ಏನೋ ಎಂದು, ಹೋಗಲಿ ಬಿಡ್ರಿ ಸಾಮಿ, ಮೈ ಸರಿಯಿಲ್ಲದ ಹೆಣ್ಣುಮಗಳು, ಅಂದಳು. ಅವನು ಹೋಗಲಿಲ್ಲ. ನಿಂತೇ ಇದ್ದ. ಕೊನೆಗೆ ಅವಳು ಬಕೆಟ್ಟು ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು, ಹೂವಮ್ಮನ ದನಿಯನ್ನೇ ಮಾಡಿ ಹೇಳಿದಳು:

"ಎಮ್ಮಿ ಹಿಂಡ್ತೀಯೋ, ಕೆರಿ ಹಿಂಡ್ತೀಯೋ? ಇದನ್ನ ಕುಡಿದ ಕೂಸು ಬದುಕ್ತೈತೇನ? ನಿನ್ನ ಮಾರಿ ತೋರಿಸಬ್ಯಾಡ ನನಗ. ಹಿಂಗ ಅಂದ್ಲು ಸಾಮಿ. ನನ್ನ ಎಮ್ಮಿ ಹಾಲಿಗೆ ಹಿಂಗ ಅಂದ್ಲು."

"ಆಮ್ಯಾಲ?"

"ಆಮ್ಯಾಲ ಏನೈತಿ. ಬಾಗಿಲ ಹಾಕ್ಕೊಂಡ್ಲು."

"ಜೋರಾಗಿ ಹಾಕ್ಕೊಂಡ್ಲೇನು?"

ಪೀರಮ್ಮ ಅವನ ಮುಖವನ್ನು ಸಂಶಯದಿಂದ ನೋಡಿದಳು. "ಗ್ವಾಡಿ ಮಣ್ಣು ಉದುರಿತು," ಅಂದಳು.

ರೈಲುದಾರಿಯ ಮೇಲೆ ಸರಕಿನ ಗಾಡಿಯೊಂದು ಹೋಗುತ್ತಿತ್ತು. ಅದರ ಸದ್ದು ಮುಗಿಯಿತು. ಆಮೇಲೆ ಏಕಾಂತಪ್ಪ ಸೆಗಣಿಯ ಒದ್ದೆ ನೆಲ ಎಂಬುದನ್ನೂ ನೋಡದೆ ಎಮ್ಮೆಯ ಗೂಟದ ಪಕ್ಕ ಕುಕ್ಕರಿಸಿ ಕೂತ. ಗುಳಿಗೆ ನಿಂತು ಎಷ್ಟೋ ತಿಂಗಳಾಗಿತ್ತು; ಬೈದದ್ದು ಗುಳಿಗೆಯಲ್ಲ.

"ಇನ್ನೊಮ್ಮೆ ಹೇಳು," ಅಂದ. "ಆಕಿ ಹೆಂಗ ಅಂದ್ಲೋ ಹಂಗ."